ಅವಧಿಗೆ ಮುನ್ನ ಸೇನೆ ಬಿಡುವ ಅರ್ಜಿ

ಸೇನೆಯ ವೈದ್ಯಕೀಯ ವಿಭಾಗವಾದ ಆರ್ಮಿ ಮೆಡಿಕಲ್ ಕೋರ್‌ನ (ಎಎಂಸಿ) ಅಧಿಕಾರಿಗೆ ನಿವೃತ್ತಿ ಪಿಂಚಣಿ ಸಿಗಬೇಕಾದರೆ 20 ವರ್ಷಗಳ ಅರ್ಹ ಸೇವೆ ಪೂರ್ಣಗೊಂಡಿರಬೇಕು. ಹದಿನೈದನೆಯ ವರ್ಷ ದಾಟಿದ ವೈದ್ಯರಿಬ್ಬರು ಮೆಸ್ಸಿನಲ್ಲೋ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲೋ ಒಟ್ಟಿಗೆ ಕುಳಿತರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಈ ಅಂಕಿಗೇ ಬಂದು ನಿಲ್ಲುತ್ತದೆ. ಇನ್ನೆಷ್ಟು ವರ್ಷ ಬಾಕಿ, ಅಷ್ಟರಲ್ಲಿ ಇನ್ನೆಷ್ಟು ವರ್ಗಾವಣೆ, ಆಮೇಲೆ ಪೇಪರ್ ಹಾಕುವುದೋ (ಬಿಡುಗಡೆಯ ಅರ್ಜಿ ಕೊಡುವುದೋ) ಇರುವುದೋ ಎಂಬುದೇ ಆ ಮಾತಿನ ಹೂರಣ. ನಾನು ಅರಿವಳಿಕೆ ತಜ್ಞೆಯಾಗಿ, ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ, 20 ವರ್ಷ ಮುಗಿಸಿದ ಬಳಿಕ 2024ರಲ್ಲಿ ಅವಧಿಪೂರ್ವ ನಿವೃತ್ತಿ ಪಡೆದು ಹೊರಬಂದೆ. ಆ ನಿರ್ಧಾರ ಒಂದೇ ದಿನದಲ್ಲಿ ಆದದ್ದಲ್ಲ, ನನ್ನೊಬ್ಬಳಿಂದ ಆದದ್ದೂ ಅಲ್ಲ. ಇಂಥ ಚರ್ಚೆಗಳಲ್ಲಿ ಪಿಂಚಣಿಯ ಮೊತ್ತಕ್ಕೆ ಸಿಗುವ ಮಹತ್ವ ಮಿಕ್ಕ ಎರಡು ಸಂಗತಿಗಳಿಗೆ ಸಿಗುವುದಿಲ್ಲವೆಂದು ನನಗೆ ಬಲವಾಗಿ ಅನಿಸಿದೆ. ಒಂದು, ವೈದ್ಯರ ಕೈಯ ಅಭ್ಯಾಸ. ಇನ್ನೊಂದು, ಅರ್ಜಿ ಹಾಕುವುದು ಮಾತ್ರ ನಮ್ಮ ಕೈಯಲ್ಲಿದ್ದು ಬಿಡುಗಡೆ ನಮ್ಮ ಕೈಯಲ್ಲಿಲ್ಲ ಎಂಬ ಸತ್ಯ.

ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ 2003ರಲ್ಲಿ ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ನಾನು ಸೇನೆಗೆ ಸೇರಿದೆ. ಲಕ್ನೋದ ಎಎಂಸಿ ಸೆಂಟರ್ ಮತ್ತು ಕಾಲೇಜಿನಲ್ಲಿ ಮೂಲ ತರಬೇತಿ, ಅಲ್ಲಿಂದ ಈಶಾನ್ಯದ ಒಂದು ಮಿಲಿಟರಿ ಆಸ್ಪತ್ರೆ. ಈಗಿನ ನಿಯಮದಂತೆ ಈ ಕಮಿಷನ್ನಿನ ಮೊದಲ ಅವಧಿ ಐದು ವರ್ಷ. ವಿಸ್ತರಣೆ ಪಡೆಯುತ್ತ ಹೋದರೆ ಗರಿಷ್ಠ 14 ವರ್ಷ. ಅಷ್ಟು ವರ್ಷ ದುಡಿದರೂ ಪಿಂಚಣಿ ಇಲ್ಲ, ಸೇವಾವಧಿಗೆ ತಕ್ಕ ಗ್ರಾಚುಟಿ ಕೈಗೆ ಬರುತ್ತದೆ. ಐದು ವರ್ಷ ಮುಗಿಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆದು ಹೊರಡುವ ಕಿರಿಯರಿಗೆ ಇದು ಒಪ್ಪುವ ವ್ಯವಸ್ಥೆ. ಅವರ ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಕಳೆದುಕೊಳ್ಳುವುದು ಕಡಿಮೆ, ಕಟ್ಟಿಕೊಳ್ಳುವುದು ಹೆಚ್ಚು. ನಾನು ಆ ಕವಲಿನಲ್ಲಿ ಇಲಾಖಾ ಆಯ್ಕೆಯ ಮೂಲಕ ಪರ್ಮನೆಂಟ್ ಕಮಿಷನ್, ಅಂದರೆ ಕಾಯಂ ಸೇವೆ, ಆರಿಸಿಕೊಂಡೆ. ಹಿಂದಿನ ಸೇವೆಯೂ ಪಿಂಚಣಿಯ ಲೆಕ್ಕಕ್ಕೆ ಸೇರುವುದರಿಂದ ನನ್ನ 20 ವರ್ಷ 2023ಕ್ಕೆ ತುಂಬುವುದೆಂದು ಆಗಲೇ ಗೊತ್ತಾಗಿತ್ತು.

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ಶಾಸ್ತ್ರದಲ್ಲಿ ಎಂಡಿ ಮಾಡಿದ್ದು ನನ್ನ ವೃತ್ತಿಜೀವನದ ಅತ್ಯುತ್ತಮ ಕಾಲ. ಸಂಬಳ ಪಡೆಯುತ್ತ, ಶುಲ್ಕದ ಚಿಂತೆಯಿಲ್ಲದೆ, 1948ರಿಂದ ನಡೆದುಬಂದ ಒಂದು ಸಂಸ್ಥೆಯ ಶಿಸ್ತಿನಲ್ಲಿ ಕಲಿಯುವ ಅವಕಾಶ ಎಲ್ಲ ವೈದ್ಯರಿಗೂ ಒದಗುವುದಿಲ್ಲ. ಸೇನೆ ನನಗೆ ಕೊಟ್ಟದ್ದನ್ನು ಲೆಕ್ಕ ಹಾಕುವಾಗ ನಾನು ಮೊದಲು ಬರೆದುಕೊಂಡದ್ದು ಇದನ್ನೇ. ಎಂಡಿ ಆದ ಬಳಿಕ ಗ್ರೇಡೆಡ್ ಸ್ಪೆಷಲಿಸ್ಟ್, ಕೆಲವು ವರ್ಷಗಳ ಅನುಭವದ ನಂತರ ಕ್ಲಾಸಿಫೈಡ್ ಸ್ಪೆಷಲಿಸ್ಟ್, ಅದರ ಜೊತೆಜೊತೆಗೆ ದರ್ಜೆಯ ಬಡ್ತಿ, ಹೀಗೆ ಹಾದಿ ಸಾಗಿತು.

ಬಿಡುವ ಯೋಚನೆ ಮೊದಲು ಬಂದದ್ದು ಲಡಾಖಿನ ಒಂದು ಫೀಲ್ಡ್ ಆಸ್ಪತ್ರೆಯಲ್ಲಿ. ಅಲ್ಲಿ ಕೆಲಸ ಕಷ್ಟವೆಂದಲ್ಲ. ನಿಜ ಹೇಳಬೇಕೆಂದರೆ, ಅಲ್ಲಿ ಮಾಡಿದ ಕೆಲಸದಷ್ಟು ತೃಪ್ತಿ ಕೊಟ್ಟದ್ದು ಬೇರೊಂದಿಲ್ಲ. ಒಂದು ಸಂಜೆ ಹೊಟ್ಟೆಗೆ ಲೋಹದ ಚೂರು ಹೊಕ್ಕಿದ್ದ ಜವಾನನೊಬ್ಬನನ್ನು ಹೆಲಿಕಾಪ್ಟರಿನಲ್ಲಿ ತಂದರು. ಸುಮಾರು 3,500 ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡರಷ್ಟೇ ಇರುತ್ತದೆ. ಆರೋಗ್ಯವಂತರ ರಕ್ತದಲ್ಲೇ ಆಮ್ಲಜನಕದ ಪ್ರಮಾಣ ತಗ್ಗಿರುವ ಆ ಜಾಗದಲ್ಲಿ ರಕ್ತ ಹರಿದುಹೋದ ಮನುಷ್ಯನಿಗೆ ಅರಿವಳಿಕೆ ಕೊಡುವಾಗ ಉಸಿರು ಒಂದು ಕ್ಷಣ ತಪ್ಪುವುದಕ್ಕೂ ಎಡೆ ಕೊಡುವಂತಿಲ್ಲ. ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಸಾಕಷ್ಟು ಹೊತ್ತು ಆಮ್ಲಜನಕ ತುಂಬಿಸಿ, ರಕ್ತದೊತ್ತಡ ಕುಸಿಯದಿರಲೆಂದು ಕೆಟಮಿನ್ ಕೊಟ್ಟು, ಶ್ವಾಸನಾಳದಲ್ಲಿ ಕೊಳವೆ ಇಳಿಸಿದೆ. ಹೊರಗೆ ಅವನ ಪಲಟನ್ನಿನ ಹುಡುಗರು ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದರು. ನರ್ಸಿಂಗ್ ಸಹಾಯಕ ಸಿಲಿಂಡರಿನ ಮುಳ್ಳನ್ನೇ ನೋಡುತ್ತ ಉಳಿದ ಒತ್ತಡವನ್ನು ಆಗಾಗ ಕೂಗಿ ಹೇಳುತ್ತಿದ್ದ. ಕರುಳಿನ ಹರಿದ ಭಾಗವನ್ನು ಸರ್ಜನ್ ಹೊಲಿದು ಮುಗಿಸುವ ಹೊತ್ತಿಗೆ ನಡುರಾತ್ರಿ ಕಳೆದಿತ್ತು. ಆ ಜವಾನ ಬದುಕಿದ.

ಆದರೆ ಅಂಥ ರಾತ್ರಿಗಳ ನಡುವೆ ಖಾಲಿ ವಾರಗಳಿದ್ದವು. ಗಡಿಯಲ್ಲಿ ನಿಂತ ಸೇನೆಗೆ ಸದಾ ಸಿದ್ಧವಾಗಿರುವ ಅರಿವಳಿಕೆ ತಜ್ಞೆ ಬೇಕು. ಅವಳಿಗೆ ದಿನವೂ ಶಸ್ತ್ರಚಿಕಿತ್ಸೆ ಇರಲೇಬೇಕೆಂದೇನೂ ಇಲ್ಲ. ಆಗೊಂದು ಈಗೊಂದು ಅಪೆಂಡಿಕ್ಸ್, ಮುರಿದ ಮೂಳೆ, ಉಳಿದಂತೆ ಎತ್ತರದ ಜಾಗದಲ್ಲಿ ಉಂಟಾಗುವ, ನಾವು ಹ್ಯಾಪೋ ಎನ್ನುವ ಶ್ವಾಸಕೋಶದ ಊತದಿಂದ ಬರುವ ರೋಗಿಗಳ ನಿಗಾ. ನವಜಾತ ಶಿಶುಗಳಿಗೆ, ಹೃದಯ ದುರ್ಬಲವಾದ ಮುದುಕರಿಗೆ ಅರಿವಳಿಕೆ ಕೊಡುವ ಪ್ರಸಂಗಗಳು ವರ್ಷಗಟ್ಟಲೆ ನನ್ನ ಕೈಗೆ ಬರಲಿಲ್ಲ. ನಮ್ಮ ವಿಭಾಗದಲ್ಲಿ ಕೈ ಎಂಬುದು ಓದಿ ಉಳಿಸಿಕೊಳ್ಳುವಂಥದ್ದಲ್ಲ. ದೊಡ್ಡ ಕಮಾಂಡ್ ಆಸ್ಪತ್ರೆಗೆ ಮರಳಿದಾಗ ಆ ಕೌಶಲ ಹಿಂದಿರುಗುತ್ತಿತ್ತು. ಮುಂದಿನ ವರ್ಗಾವಣೆಯಲ್ಲಿ ಮತ್ತೆ ಸವೆಯುತ್ತಿತ್ತು. ನಲವತ್ತು ದಾಟಿದ ಬಳಿಕ ಹಿಂದಿರುಗಲು ಹೆಚ್ಚು ಸಮಯ ಹಿಡಿಯುವುದನ್ನು ನಾನು ಗಮನಿಸಿದೆ. ಬಡ್ತಿ ಸಿಕ್ಕಂತೆಲ್ಲ ಥಿಯೇಟರಿನ ಸಮಯ ಕಡಿಮೆಯಾಗಿ ಆಡಳಿತದ ಕಡತಗಳು ಹೆಚ್ಚುತ್ತವೆ ಎಂಬುದೂ ಕಣ್ಣೆದುರೇ ಇತ್ತು. ಆಡಳಿತ ಕೀಳೆಂದು ನಾನು ಹೇಳುತ್ತಿಲ್ಲ. ಯುದ್ಧಕಾಲದಲ್ಲಿ ಗಾಯಾಳುಗಳ ಸಾಗಣೆಯನ್ನು ಯೋಜಿಸುವವರು ಇಲ್ಲದಿದ್ದರೆ ಥಿಯೇಟರಿನೊಳಗಿನ ಕೌಶಲ ನಿಷ್ಪ್ರಯೋಜಕ. ನನಗೆ ಮಾತ್ರ ಉಳಿದ ವರ್ಷಗಳನ್ನು ರೋಗಿಯ ತಲೆಯ ಬಳಿ ನಿಂತು ಕಳೆಯುವ ಆಸೆಯಿತ್ತು.

ಇದರ ಜೊತೆಗೆ ಮನೆ. ನನ್ನ ಪತಿಯೂ ಇದೇ ಕೋರ್‌ನಲ್ಲಿ ಸರ್ಜನ್. ಇಬ್ಬರಿಗೂ ಒಂದೇ ಊರು ಸಿಗುವಂತೆ ವ್ಯವಸ್ಥೆ ಸಾಕಷ್ಟು ಪ್ರಯತ್ನ ಮಾಡುತ್ತದೆ, ಆದರೆ ಇಬ್ಬರು ತಜ್ಞರಿಗೂ ಹುದ್ದೆಯಿರುವ ಊರುಗಳೇ ಕೆಲವು. ಒಬ್ಬರು ಫೀಲ್ಡಿಗೆ, ಅಂದರೆ ಗಡಿಯ ನೆಲೆಗೆ, ಹೊರಟರೆ ಇನ್ನೊಬ್ಬರು ಮಗಳೊಂದಿಗೆ ಉಳಿಯಬೇಕು. ಮಗಳು ಶಾಲೆ ಬದಲಿಸಿ ಬದಲಿಸಿ, ಹೊಸ ತರಗತಿಗೆ ಹೋದ ಮೊದಲ ದಿನ ಯಾರೊಂದಿಗೂ ಹೆಚ್ಚು ಬೆರೆಯದಿರುವುದೇ ಒಳ್ಳೆಯದೆಂದು ತಾನೇ ತೀರ್ಮಾನಿಸಿಕೊಂಡಿದ್ದಳು. ಹಾಸನದಲ್ಲಿ ನನ್ನ ತಂದೆಗೆ ಪಾರ್ಕಿನ್‌ಸನ್ ಕಾಯಿಲೆ ಬಲಿಯುತ್ತಿತ್ತು. ಅಮ್ಮ ಫೋನಿನಲ್ಲಿ ಯಾವತ್ತೂ ಬಾ ಎನ್ನಲಿಲ್ಲ; "ಅಪ್ಪ ಇವತ್ತು ತಾವಾಗೇ ಎದ್ದು ಕೂತಿದ್ದರು ಕಣೆ" ಎನ್ನುತ್ತಿದ್ದಳು, ಅಷ್ಟೆ.

2020 ಮತ್ತು 2021ರಲ್ಲಿ ಈ ಯೋಚನೆಗೆ ಅವಕಾಶವೇ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಕೋವಿಡ್ ಎರಡನೇ ಅಲೆ ಉಕ್ಕಿದಾಗ, ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ನಿವೃತ್ತರಾದ ಹಾಗೂ ಅವಧಿಗೆ ಮುನ್ನ ಹೊರಹೋದ ಸೇನಾ ವೈದ್ಯಕೀಯ ಸಿಬ್ಬಂದಿಯನ್ನು ತಮ್ಮ ತಮ್ಮ ಊರಿನ ಸಮೀಪದ ಕೋವಿಡ್ ಕೇಂದ್ರಗಳಲ್ಲಿ ಕೆಲಸ ಮಾಡಲು ಮರಳಿ ಕರೆಯಲಾಯಿತು. ಅವಧಿ ಮುಗಿಯುತ್ತಿದ್ದ ಶಾರ್ಟ್ ಸರ್ವಿಸ್ ವೈದ್ಯರ ಸೇವೆಯನ್ನು ಆ ವರ್ಷದ ಕೊನೆಯವರೆಗೆ ವಿಸ್ತರಿಸಲಾಯಿತು. ಹೊರಡಲು ಪೆಟ್ಟಿಗೆ ಕಟ್ಟಿದ್ದ ಕ್ಯಾಪ್ಟನ್ ಒಬ್ಬಳು ಅದನ್ನು ಬಿಚ್ಚಿ ನನ್ನ ಐಸಿಯುನಲ್ಲಿ ರಾತ್ರಿಪಾಳಿ ಮಾಡಿದಳು. ಸೇನೆಯಲ್ಲಿ ತಜ್ಞರ ಕೊರತೆ ಎಂಬುದು ಅರ್ಜಿ ತಿರಸ್ಕರಿಸಲು ಹುಡುಕಿದ ನೆಪವಲ್ಲ, ನಿಜವಾದ ಕೊರತೆ ಎಂಬುದನ್ನು ನಾನು ಆ ತಿಂಗಳುಗಳಲ್ಲಿ ಕಂಡೆ. ಮುಂದೆ ನನ್ನದೇ ಅರ್ಜಿಗೆ ಅದೇ ಕಾರಣ ಬರೆದು ಬಂದಾಗ ಕೋಪಕ್ಕಿಂತ ದುಃಖ ಹೆಚ್ಚಾದದ್ದು ಇದರಿಂದಲೇ ಇರಬೇಕು.

ಇನ್ನು ಹಣದ ಲೆಕ್ಕ. 20 ವರ್ಷಕ್ಕೆ ಮುನ್ನ ಸೇವೆ ತ್ಯಜಿಸಿದರೆ ಪಿಂಚಣಿ ಇಲ್ಲ. 20 ತುಂಬಿದ ಬಳಿಕ ಅವಧಿಪೂರ್ವ ನಿವೃತ್ತಿ ದೊರೆತರೆ, ಪೂರ್ಣಾವಧಿ ದುಡಿದವರಂತೆಯೇ, ಕೊನೆಯ ಪರಿಗಣನಾರ್ಹ ವೇತನದ ಅರ್ಧ ಪಿಂಚಣಿಯಾಗುತ್ತದೆ. ವೈದ್ಯರ ವಿಷಯದಲ್ಲಿ ಈ ವೇತನಕ್ಕೆ ಮೂರು ಭಾಗಗಳಿವೆ: ಮೂಲ ವೇತನ, ಖಾಸಗಿ ವೃತ್ತಿ ನಡೆಸದಿರುವುದಕ್ಕೆ ಮೂಲ ವೇತನದ ಶೇ 20ರಷ್ಟು ಕೊಡುವ ಎನ್‌ಪಿಎ, ಮತ್ತು ತಿಂಗಳಿಗೆ 15,500 ರೂಪಾಯಿ ಮಿಲಿಟರಿ ಸೇವಾ ವೇತನ. ಲೆಕ್ಕ ಸುಲಭವಾಗಲೆಂದು ಮೂಲ ವೇತನ 1,60,000 ಎಂದಿಟ್ಟುಕೊಂಡರೆ ಎನ್‌ಪಿಎ 32,000 ಸೇರಿ, ಸೇವಾ ವೇತನ ಸೇರಿ ಒಟ್ಟು 2,07,500. ಅದರ ಅರ್ಧ 1,03,750 ರೂಪಾಯಿ ಮೂಲ ಪಿಂಚಣಿ, ಅದರ ಮೇಲೆ ತುಟ್ಟಿಪರಿಹಾರ. ಬೇಕೆಂದರೆ ಮೂಲ ಪಿಂಚಣಿಯ ಅರ್ಧದವರೆಗೆ ಇಡುಗಂಟಾಗಿ ಪಡೆಯಬಹುದು. ಹಾಗೆ ಪಡೆದ ಭಾಗ 15 ವರ್ಷಗಳ ಬಳಿಕ ಮತ್ತೆ ಪಿಂಚಣಿಗೆ ಸೇರುತ್ತದೆ. ಇದಲ್ಲದೆ ನಿವೃತ್ತಿ ಗ್ರಾಚುಟಿ, ಅದರ ಮಿತಿ 2024ರ ಜನವರಿ 1ರಿಂದ 20 ಲಕ್ಷದಿಂದ 25 ಲಕ್ಷಕ್ಕೆ ಏರಿದೆ. 300 ದಿನಗಳವರೆಗಿನ ರಜೆಯ ನಗದೀಕರಣ. ಭವಿಷ್ಯನಿಧಿ ಮತ್ತು ಸೇನಾ ಗುಂಪು ವಿಮೆಯ ಹಣ. 2004ರ ನಂತರ ಕೇಂದ್ರ ಸರ್ಕಾರಿ ಸೇವೆಗೆ, 2006ರ ಏಪ್ರಿಲ್ ನಂತರ ನಮ್ಮ ರಾಜ್ಯ ಸರ್ಕಾರಿ ಸೇವೆಗೆ ಸೇರಿದ ನನ್ನ ಕಿರಿಯ ವೈದ್ಯಮಿತ್ರರಿಗೆ ವಂತಿಗೆ ಆಧಾರಿತ ಹೊಸ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ ಅನ್ವಯಿಸಿತು. ಸಶಸ್ತ್ರ ಪಡೆಗಳನ್ನು ಅದರಿಂದ ಹೊರಗಿಟ್ಟಿದ್ದರಿಂದ ಹಳೆಯ ಪಿಂಚಣಿ ನಮಗೆ ಉಳಿಯಿತು. ಹದಿನಾರನೆಯ ವರ್ಷದಲ್ಲಿ ನಿಂತವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಈ ಲೆಕ್ಕದಲ್ಲಿ ಹಲವರ ಕಣ್ಣಿಗೆ ಬೀಳದೆ ಉಳಿಯುವುದು ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯ ಷರತ್ತು. 2015ರ ನವೆಂಬರ್ 7ರ ಸರ್ಕಾರಿ ಆದೇಶದ ಪ್ರಕಾರ, ಅಲ್ಲಿಂದ ಮುಂದೆ ಸ್ವಂತ ಕೋರಿಕೆಯ ಮೇಲೆ ಸೇವೆಯಿಂದ ಹೊರಬರುವವರಿಗೆ ಈ ಯೋಜನೆಯ ಲಾಭ ಇಲ್ಲ. ಅಂದರೆ ನನ್ನದೇ ದರ್ಜೆಯಲ್ಲಿ, ನನ್ನಷ್ಟೇ ವರ್ಷ ಸೇವೆ ಮಾಡಿ ಮುಂದೆ ನಿವೃತ್ತರಾಗುವವರ ಪಿಂಚಣಿ ಏರಿದಾಗ ಅದಕ್ಕೆ ಸಮನಾಗಿ ನನ್ನದು ಪರಿಷ್ಕರಣೆಯಾಗುವ ಭರವಸೆ ಇಲ್ಲ. ಈ ನಿರ್ಬಂಧ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿದೆ. ಆದರೆ ಕೋರ್ಟಿನಲ್ಲಿರುವ ಹಣವನ್ನು ಮನೆಯ ಲೆಕ್ಕದಲ್ಲಿ ಬರೆಯಬಾರದೆಂದು ನಾನೂ ಪತಿಯೂ ತೀರ್ಮಾನಿಸಿ, ಅದು ಬರುವುದೇ ಇಲ್ಲವೆಂದುಕೊಂಡು ಕೂಡಿ ಕಳೆದೆವು. ಪತಿ ಸೇವೆಯಲ್ಲಿ ಉಳಿಯುವುದರಿಂದ ಸರ್ಕಾರಿ ವಸತಿ ಮತ್ತು ಕುಟುಂಬದ ವೈದ್ಯಕೀಯ ಸೌಲಭ್ಯ ಕೈತಪ್ಪುವುದಿಲ್ಲ ಎಂಬುದು ನಮ್ಮ ಲೆಕ್ಕಕ್ಕೆ ಸಿಕ್ಕ ದೊಡ್ಡ ಆಧಾರ. ಒಬ್ಬರೇ ದುಡಿಯುವ ಮನೆಯಲ್ಲಿ ಇದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ.

20 ತುಂಬುವವರೆಗೆ ಇರುವುದೆಂದು ತೀರ್ಮಾನವಾದದ್ದು ಹೀಗೆ. ನನ್ನ ಜೊತೆಯ ಒಬ್ಬ ವೈದ್ಯರು ಹದಿನೇಳನೆಯ ವರ್ಷದಲ್ಲೇ ಹೊರಟರು. ಅವರಿಗೆ ಸೂಪರ್ ಸ್ಪೆಷಾಲಿಟಿ ಕಲಿಯಬೇಕಿತ್ತು. ಇನ್ನು ಮೂರು ವರ್ಷ ಕಾದರೆ ಪಿಂಚಣಿ ಸಿಗುತ್ತದೆ, ಆದರೆ ಆ ವಯಸ್ಸಿನಲ್ಲಿ ಮತ್ತೆ ರೆಸಿಡೆಂಟ್ ಆಗಿ ರಾತ್ರಿ ಹಗಲು ನಿಲ್ಲುವ ಕಸುವು ಉಳಿಯುವುದಿಲ್ಲ ಎಂದರು. ಅವರ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಹೋಗುವ ಜಾಗ ಅಷ್ಟು ಸ್ಪಷ್ಟವಾಗಿದ್ದರೆ 20ರ ಗೆರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಸುಸ್ತಾಗಿದೆ ಎಂಬ ಒಂದೇ ಕಾರಣಕ್ಕೆ ಗೆರೆಯ ಹೊಸ್ತಿಲಲ್ಲಿ ಬಿಡುವುದನ್ನು ಮಾತ್ರ ನಾನು ಯಾರಿಗೂ ಸೂಚಿಸಲಾರೆ. ಸುಸ್ತಿಗೆ ದೀರ್ಘ ರಜೆ ಅಥವಾ ಬೇರೊಂದು ವರ್ಗಾವಣೆ ಮದ್ದಾಗಬಹುದು, ಬಿಟ್ಟ ಪಿಂಚಣಿ ಮರಳಿ ಬರುವುದಿಲ್ಲ.

ಅರ್ಜಿ ನೋಡಲು ಸರಳ. ನಿಗದಿತ ನಮೂನೆಯಲ್ಲಿ ಸೇವಾ ವಿವರ, ಕಾರಣ, ಕಾರಣಕ್ಕೆ ಆಧಾರವಾದ ದಾಖಲೆಗಳು, ಮತ್ತು ಪರಿಣಾಮಗಳನ್ನು ಅರಿತೇ ಸಹಿ ಮಾಡುತ್ತಿದ್ದೇನೆ ಎಂಬ ಮುಚ್ಚಳಿಕೆ. ಸ್ವಂತ ಕೋರಿಕೆಯ ನಿವೃತ್ತಿಗೆ 1954ರ ಆರ್ಮಿ ನಿಯಮಗಳಲ್ಲಿ 16ಬಿ ನಿಯಮ ಇದೆ. ಅದು ಕೋರುವ ದಾರಿ ತೋರುತ್ತದೆ, ಪಡೆಯುವ ಹಕ್ಕು ಕೊಡುವುದಿಲ್ಲ. ಆಸ್ಪತ್ರೆಯ ಕಮಾಂಡೆಂಟ್‌ರಿಂದ ಹೊರಟ ಕಡತ ಮೇಲಿನ ವೈದ್ಯಕೀಯ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ದಾಟಿ ದೆಹಲಿ ತಲುಪುತ್ತದೆ. ಹಂತಹಂತದಲ್ಲೂ ಶಿಫಾರಸು ಇದೆಯೋ ಇಲ್ಲವೋ ಎಂಬುದನ್ನು ಬರೆಯುತ್ತಾರೆ. ಕಾರಣದ ಅಂಕಣವನ್ನು ನಾನು ಹಲವು ಬಾರಿ ತಿದ್ದಿದೆ. ತಂದೆಯ ಕಾಯಿಲೆ, ಮಗಳ ಶಿಕ್ಷಣ ಬರೆಯುವುದು ಸುಲಭ. ಕೈಯ ಕೌಶಲ ಉಳಿಸಿಕೊಳ್ಳಬೇಕಿದೆ ಎಂಬುದನ್ನು ಸಂಸ್ಥೆಯ ಮೇಲಿನ ದೂರಿನಂತೆ ಕೇಳಿಸದ ಹಾಗೆ ಬರೆಯುವುದು ಕಷ್ಟ. ಕೊನೆಗೆ ಎರಡನ್ನೂ ಬರೆದೆ.

ಹಿರಿಯ ಅಧಿಕಾರಿಯೊಬ್ಬರು ಸಂದರ್ಶನಕ್ಕೆ ಕರೆದರು. ಮೇಜಿನ ಮೇಲೆ ನನ್ನ ಕಡತ, ಅದರ ಪಕ್ಕದಲ್ಲಿ ಆ ಪ್ರದೇಶದ ಅರಿವಳಿಕೆ ತಜ್ಞರ ಪಟ್ಟಿ. ಅವರು ಕಡತ ತೆರೆಯಲಿಲ್ಲ. ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು.

"ಈ ಮೂರು ಆಸ್ಪತ್ರೆಗಳಲ್ಲಿ ಒಬ್ಬೊಬ್ಬರೇ ಇದ್ದಾರೆ, ನೋಡಿ. ಅವರು ರಜೆಗೆ ಹೋದರೆ ಯಾರನ್ನು ಕಳಿಸಲಿ ಡಾಕ್ಟರ್?"

"ನನ್ನ ಹತ್ತಿರ ಉತ್ತರ ಇಲ್ಲ ಸರ್," ಎಂದೆ.

"ನಿಮ್ಮ ತಂದೆಗೆ ಕಮಾಂಡ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಬಹುದಲ್ಲವೇ?"

"ಚಿಕಿತ್ಸೆ ಎಲ್ಲಾದರೂ ಸಿಗುತ್ತದೆ ಸರ್. ಅವರನ್ನು ಎಬ್ಬಿಸಿ ಕೂರಿಸಲು ಜನ ಬೇಕು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಪತಿಯ ವರ್ಗಾವಣೆಯ ಬಗ್ಗೆ, ಮಗಳ ತರಗತಿಯ ಬಗ್ಗೆ ಕೇಳಿದರು. ಬೆದರಿಕೆಯಾಗಲಿ ಉಪದೇಶವಾಗಲಿ ಆ ಮಾತುಕತೆಯಲ್ಲಿರಲಿಲ್ಲ. ನನ್ನ ಕಾರಣಗಳು ನಿಜ ಎಂದು ಅವರಿಗೂ, ಅವರ ಪಟ್ಟಿ ನಿಜ ಎಂದು ನನಗೂ ಗೊತ್ತಿತ್ತು.

ತಿಂಗಳುಗಳ ಬಳಿಕ ಬಂದ ಉತ್ತರ ಎರಡು ಸಾಲಿನದು: ಸೇವೆಯ ಅಗತ್ಯದ ದೃಷ್ಟಿಯಿಂದ ಈ ಹಂತದಲ್ಲಿ ಕೋರಿಕೆಯನ್ನು ಪುರಸ್ಕರಿಸಲಾಗದು. ಕಾಯುತ್ತಿದ್ದ ಆ ಅವಧಿಯ ಬಗ್ಗೆ ಬರೆಯಲೇಬೇಕು, ಏಕೆಂದರೆ ಯಾರೂ ನನಗೆ ಅದನ್ನು ಮೊದಲೇ ಹೇಳಿರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ ಹುದ್ದೆ ಕೊಡಲು ಒಪ್ಪಿತ್ತು, ಯಾವ ತಿಂಗಳು ಸೇರುತ್ತೀರಿ ಎಂದು ಕೇಳುತ್ತಿತ್ತು. ದಿನಾಂಕ ಹೇಳಲು ನನ್ನಿಂದಾಗದೆ ಆ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಮಗಳನ್ನು ಮುಂದಿನ ವರ್ಷ ಯಾವ ಊರಿನ ಶಾಲೆಗೆ ಸೇರಿಸಬೇಕೆಂಬುದು ತೀರ್ಮಾನವಾಗಲಿಲ್ಲ. ಅತ್ತ, ಹೊರಡುವವಳೆಂದು ಗೊತ್ತಾದ ಮೇಲೆ ಸಹೋದ್ಯೋಗಿಗಳ ನಡವಳಿಕೆಯಲ್ಲಿ ಸೂಕ್ಷ್ಮ ಬದಲಾವಣೆ ಬರುತ್ತದೆ: ಹೊಸ ಯಂತ್ರ ಖರೀದಿಯ ಸಮಿತಿಯಲ್ಲಿ ಹೆಸರು ಬಿಡುತ್ತಾರೆ, ಮುಂದಿನ ವರ್ಷದ ತರಬೇತಿಯ ಯೋಜನೆಗೆ ಕರೆಯುವುದಿಲ್ಲ. ಯಾರದೂ ಕೆಟ್ಟ ಉದ್ದೇಶವಲ್ಲ, ಆದರೂ ದಿನವಿಡೀ ಅತಿಥಿಯಂತೆ ಕೆಲಸ ಮಾಡಬೇಕಾಗುತ್ತದೆ.

ಕೋರ್ಟಿಗೆ ಹೋಗು ಎಂದವರಿದ್ದರು. ಬಿಡುಗಡೆ ನಿರಾಕರಣೆಯನ್ನು ಪ್ರಶ್ನಿಸಿ ಹೋದ ಸೇನಾ ವೈದ್ಯರು ಇದ್ದಾರೆ. 2019ರಲ್ಲಿ ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ, ಪಡೆಗೆ ಸೇರಿದವರಿಗೆ ತಮಗೆ ಬೇಕೆನಿಸಿದಾಗ ಹೊರನಡೆಯುವ ಅಬಾಧಿತ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅದನ್ನು ಓದಿದ ಮೇಲೆ ನಾನು ಆ ದಾರಿಯನ್ನು ಬಿಟ್ಟೆ. ಸೋಲುವ ಭಯಕ್ಕಿಂತ, ಅದೇ ಪಟ್ಟಿಯನ್ನು ನ್ಯಾಯಾಲಯದಲ್ಲಿ ನನ್ನೆದುರು ಹಿಡಿದರೆ ಅದು ಸುಳ್ಳೆಂದು ವಾದಿಸಲು ನನಗೆ ಮನಸ್ಸಿರಲಿಲ್ಲ.

ಆಗ ಪತಿ ಕೇಳಿದ ಒಂದು ಪ್ರಶ್ನೆ ನನಗೆ ಉಪಕಾರವಾಯಿತು. "ಎರಡನೇ ಸಲವೂ ಬೇಡ ಅಂದರೆ ಏನು ಮಾಡ್ತೀಯ? ಆ ಬದುಕಿಗೂ ಒಂದು ಯೋಜನೆ ಬರಿ." ಆ ರಾತ್ರಿ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಬರೆದೆ. ಬಿಟ್ಟರೆ: ಎಲ್ಲಿ, ಯಾವ ರೀತಿಯ ಆಸ್ಪತ್ರೆ, ಯಾರ ಕೈಕೆಳಗೆ ಏನು ಕಲಿಯುವುದು. ಬಿಡದಿದ್ದರೆ: ತಂದೆತಾಯಿಯನ್ನು ನಮ್ಮ ಜೊತೆಗೆ ಕರೆತರುವುದು, ಮಗಳನ್ನು ಎರಡು ವರ್ಷ ಒಂದೇ ಶಾಲೆಯಲ್ಲಿ ಉಳಿಸಲು ನಾನು ಒಬ್ಬಳೇ ಫೀಲ್ಡಿಗೆ ಹೋಗುವುದು, ಕೆಲಸ ಹೆಚ್ಚಿರುವ ದೊಡ್ಡ ಆಸ್ಪತ್ರೆಗೆ ಅಲ್ಪಾವಧಿಯ ನಿಯೋಜನೆ ಕೋರುವುದು. ಎರಡನೇ ಮಗ್ಗುಲು ತುಂಬಿದ ಮೇಲೆ ನನ್ನ ಎದೆಯ ಭಾರ ಅರ್ಧ ಇಳಿಯಿತು. ಅಲ್ಪಾವಧಿಯ ನಿಯೋಜನೆ ಕೇಳಿದೆ, ಸಿಕ್ಕಿತು. ಹಳೆಯ ಅಭ್ಯಾಸ ಸ್ವಲ್ಪ ಕೈಗೆ ಬಂತು. ಪೇಪರ್ ಹಾಕುವ ಮುನ್ನವೇ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಇದು ಎಂದು ನನಗೆ ಮನದಟ್ಟಾಗಿದೆ. ನಿರಾಕರಣೆಯೊಂದಿಗೂ ಬದುಕಬಲ್ಲೆ ಎಂಬ ಸ್ಥಿತಿಯಲ್ಲಿ ಕೋರುವುದಕ್ಕೂ, ಉಸಿರುಗಟ್ಟಿ ಕೋರುವುದಕ್ಕೂ ಸಂದರ್ಶನದ ಕೋಣೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಮರು ಅರ್ಜಿ ಸಲ್ಲಿಸುವ ಹೊತ್ತಿಗೆ ನನ್ನ 20 ವರ್ಷ ತುಂಬಿತ್ತು, ನಮ್ಮ ವಿಭಾಗಕ್ಕೆ ಎಂಡಿ ಮುಗಿಸಿದ ಹೊಸ ತಂಡವೂ ಬಂದಿತ್ತು. ಈ ಬಾರಿ ಮಂಜೂರಾಯಿತು. ನನ್ನ ಕಾರಣಗಳಲ್ಲಿ ಹೊಸದೇನೂ ಇರಲಿಲ್ಲ. ತಂದೆಯ ಕಾಯಿಲೆ ಮಾತ್ರ ಇನ್ನಷ್ಟು ಬಲಿತಿತ್ತು. ಆದ್ದರಿಂದ ತಮ್ಮ ವಿಭಾಗದಲ್ಲಿ ಎಷ್ಟು ಜನ ಕಲಿತು ಹೊರಬರುತ್ತಿದ್ದಾರೆ, ಯಾವಾಗ ಬರುತ್ತಾರೆ ಎಂಬುದನ್ನು ಅರ್ಜಿದಾರರು ಮೊದಲೇ ತಿಳಿದುಕೊಳ್ಳುವುದು ಲೇಸು. ಕೊರತೆಯ ವರ್ಷದಲ್ಲಿ ಎಂಥ ಕಾರಣವೂ ಸೋಲುತ್ತದೆ.

ಆದೇಶ ಬಂದ ಮೇಲಿನ ಕೆಲಸಗಳಲ್ಲಿ ಎರಡನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಮೊದಲನೆಯದು ಬಿಡುಗಡೆಯ ವೈದ್ಯಕೀಯ ತಪಾಸಣೆ. ಸೇನೆಯಲ್ಲಿ ಪ್ರತಿಯೊಬ್ಬರ ಆರೋಗ್ಯವನ್ನು ಶೇಪ್ ಎಂಬ ಐದು ಅಂಶಗಳಲ್ಲಿ ಅಳೆಯುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೇಹದ ಸಾಮರ್ಥ್ಯ, ಕಣ್ಣು. ಬೇರೆಯವರ ದೇಹ ನೋಡಿಕೊಂಡೇ ಬದುಕಿದ ವೈದ್ಯರು ತಮ್ಮ ಬೆನ್ನುನೋವನ್ನು, ಕಿವಿಯ ಗುಂಯ್‌ಗುಡುವಿಕೆಯನ್ನು ಎಲ್ಲೂ ದಾಖಲಿಸಿರುವುದಿಲ್ಲ. ಸಹೋದ್ಯೋಗಿಯ ಬಳಿ ಕಾರಿಡಾರಿನಲ್ಲೇ ಮಾತ್ರೆ ಬರೆಸಿಕೊಂಡಿರುತ್ತಾರೆ. ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ತೊಂದರೆ ದಾಖಲೆಯಲ್ಲಿ ಇಲ್ಲದಿದ್ದರೆ ಮುಂದೆ ಅದಕ್ಕೆ ಆಧಾರ ಸಿಗುವುದಿಲ್ಲ. ನನ್ನ ಕುತ್ತಿಗೆಯ ಮೂಳೆ ಸವೆತದ ಎಕ್ಸ್‌ರೇ ಮತ್ತು ಹಳೆಯ ಚೀಟಿಗಳನ್ನು ನಾನು ಜೋಡಿಸಿಟ್ಟುಕೊಂಡಿದ್ದೆ, ಅದು ತಪಾಸಣಾ ಮಂಡಳಿಯ ಮುಂದೆ ಕೆಲಸಕ್ಕೆ ಬಂತು. ಎರಡನೆಯದು ಪಿಂಚಣಿಯ ಕಾಗದಪತ್ರ. ಈಗ ಎಲ್ಲವೂ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸೇವಾ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರ, ಆಧಾರ್‌ನಲ್ಲಿ ಪೂರ್ಣ ಹೆಸರು, ಪ್ಯಾನ್‌ನಲ್ಲಿ ಮೊದಲಕ್ಷರ ಕೊನೆಗೆ. ನಮ್ಮ ಕಡೆಯ ಹೆಸರುಗಳಿಗೆ ಈ ತೊಡಕು ಸಾಮಾನ್ಯ. ನಿವೃತ್ತಿಗೆ ಕನಿಷ್ಠ ಒಂದು ವರ್ಷ ಮೊದಲೇ ಇವನ್ನೆಲ್ಲ ಒಂದೇ ರೂಪಕ್ಕೆ ತಂದಿಟ್ಟರೆ ಪಿಂಚಣಿ ಆದೇಶ ತಡವಾಗುವುದಿಲ್ಲ.

ಸಿವಿಲ್‌ನಲ್ಲಿ, ಅಂದರೆ ಸೇನೆಯ ಹೊರಗೆ, ನಾನು ಸೇರಿದ್ದು ನವಜಾತ ಶಿಶುಗಳ ಶಸ್ತ್ರಚಿಕಿತ್ಸೆ ನಡೆಯುವ, ನನಗಿಂತ ಹತ್ತು ವರ್ಷ ಚಿಕ್ಕವರು ಮುಖ್ಯಸ್ಥರಾಗಿರುವ ಒಂದು ವಿಭಾಗಕ್ಕೆ. ಹೆಚ್ಚು ಸಂಬಳದ ಹುದ್ದೆಯೊಂದನ್ನು ಬಿಟ್ಟು ಇದನ್ನು ಆರಿಸಿಕೊಂಡೆ, ಏಕೆಂದರೆ ಕಲಿಯಲೆಂದೇ ಹೊರಬಂದಿದ್ದೆ. ಮೊದಲ ತಿಂಗಳುಗಳಲ್ಲಿ ಅಂಗೈಯಷ್ಟು ಬೆನ್ನಿನ ಕೂಸುಗಳಿಗೆ ಸೂಜಿ ಹಾಕುವಾಗ ಆ ವೈದ್ಯರು ಪಕ್ಕದಲ್ಲಿ ನಿಂತು, "ಮೇಡಂ, ಇನ್ನೊಂದು ಮಿಲಿಮೀಟರ್ ಅಷ್ಟೆ" ಎಂದು ಅಲ್ಟ್ರಾಸೌಂಡ್ ಪರದೆಯಲ್ಲಿ ತೋರಿಸುತ್ತಿದ್ದರು.

ನನಗೆ ನಿಜವಾಗಿ ಕಷ್ಟವಾದದ್ದು ದುಡ್ಡಿನ ಮಾತು. ಸೇನಾ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಒಬ್ಬ ರೋಗಿಯನ್ನೂ ಇದು ನಿಮಗೆ ಆಗುತ್ತದೆಯೇ ಎಂದು ಕೇಳಿದವಳಲ್ಲ. ಇಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಅಂದಾಜು ವೆಚ್ಚದ ಹಾಳೆಗೆ ಮನೆಯವರ ಸಹಿ ಬೀಳಬೇಕು, ವಿಮೆಯ ಒಪ್ಪಿಗೆ ಬರುವವರೆಗೆ ಪಟ್ಟಿಯಲ್ಲಿ ಹೆಸರು ಹಿಂದೆ ಸರಿಯುತ್ತದೆ. ಒಬ್ಬ ತಾಯಿ ಆ ಹಾಳೆಯನ್ನು ನನ್ನ ಕೈಗಿಟ್ಟು, "ಮೇಡಂ, ಇದರಲ್ಲಿ ಯಾವುದನ್ನು ಬಿಟ್ಟರೆ ಪರವಾಗಿಲ್ಲ?" ಎಂದು ಕೇಳಿದಳು. ಅದರಲ್ಲಿ ಬಿಡುವಂಥದ್ದು ಯಾವುದೂ ಇರಲಿಲ್ಲ. ಅಂದಿನಿಂದ ಅರಿವಳಿಕೆಗೆ ಮುಂಚಿನ ತಪಾಸಣೆಯಲ್ಲೇ ಆಯುಷ್ಮಾನ್ ಕಾರ್ಡ್ ಇದೆಯೇ, ಇನ್ಯಾವ ಯೋಜನೆ ಅನ್ವಯಿಸುತ್ತದೆ ಎಂಬುದನ್ನು ನಾನೇ ವಿಚಾರಿಸಿ ಸಂಬಂಧಪಟ್ಟವರ ಬಳಿಗೆ ಕಳಿಸುತ್ತೇನೆ. ವೃತ್ತಿ ಹೊಣೆಗಾರಿಕೆಯ ವಿಮೆಯನ್ನೂ ಮೊದಲ ಬಾರಿಗೆ ಮಾಡಿಸಿದೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಸೇವೆಯಲ್ಲಿರುವಾಗ ಓದಿದ್ದರೂ ಅದರ ಬಿಸಿ ತಟ್ಟಿರಲಿಲ್ಲ. ರಾಜ್ಯ ವೈದ್ಯಕೀಯ ಮಂಡಳಿಯ ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಸಮವಸ್ತ್ರದಲ್ಲಿರುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.

ತಂದೆ ಈಗ ನಮ್ಮ ಜೊತೆಗಿದ್ದಾರೆ. ಮಗಳು ಒಂದೇ ಶಾಲೆಯಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ಪತಿ ಕರ್ನಲ್ ಆಗಿ ಉತ್ತರದ ಒಂದು ಆಸ್ಪತ್ರೆಯಲ್ಲಿದ್ದಾರೆ. ಅವರಿಗೂ 20 ವರ್ಷ ತುಂಬಿದೆ, ಪೇಪರ್ ಹಾಕುವುದಿಲ್ಲ ಎಂದಿದ್ದಾರೆ. ಅವರ ಕೈಯಲ್ಲಿ ವಾರಕ್ಕೆ ಸಾಕಷ್ಟು ಶಸ್ತ್ರಚಿಕಿತ್ಸೆಗಳಿವೆ, ಕಲಿಸಲು ಕಿರಿಯ ಸರ್ಜನ್‌ಗಳಿದ್ದಾರೆ. ಆ ಸ್ಥಿತಿ ಇರುವವರೆಗೆ ಹೊರಡಲು ತಮಗೆ ಕಾರಣವೇ ಇಲ್ಲ ಎನ್ನುತ್ತಾರೆ, ನಾನೂ ಒಪ್ಪುತ್ತೇನೆ. ಮುಂದಿನ ವರ್ಗಾವಣೆಯ ಆದೇಶ ಬಂದಾಗ ಅದೇ ಹಾಳೆಯ ಎರಡು ಮಗ್ಗುಲನ್ನು ಅವರಿಗಾಗಿಯೂ ಬರೆಯುವುದೆಂದು ಮಾತಾಡಿಕೊಂಡಿದ್ದೇವೆ.